ಗಂಟೆಗೆ ನಾನೂರ ಹನ್ನೆರಡು

ಜನವರಿ 9

ಭಾವನಿಗೆ ನಮಸ್ಕಾರ.

ಮೂರು ವರ್ಷ ಮಾತು ಬಿಟ್ಟಿದ್ದ ಬಾಮೈದನಿಂದ ದಿಢೀರನೆ ಕಾಗದ ಬಂದರೆ, ಲಕೋಟೆ ಒಡೆಯದೆ ಅಕ್ಕನ ಕೈಗೆ ಕೊಟ್ಟುಬಿಡುತ್ತೀರಿ ಎಂದು ಗೊತ್ತು. ಆದ್ದರಿಂದ ಮೊದಲ ಮಾತು ಅವಳಿಗೆ. ಅಕ್ಕಾ, ಅವರು ಕಿವಿ ಮುಚ್ಚಿಕೊಂಡರೂ ಬಿಡದೆ ಜೋರಾಗಿ ಓದು. ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೇ ಕಾದಾಡುತ್ತೇವೆಂದು, “ಬರೀರಿ ಇಬ್ರೂ, ಬೈಯೋಕೂ ಸ್ವಲ್ಪ ಕೈ ನೋಯಲಿ” ಎಂದವಳು ನೀನೇ ತಾನೆ?

ಭಾವ, ರೆಕ್ಕೆ ಸಿದ್ಧವಾಗಿದೆ! ಇಲ್ಲಿನ ಎರಕದ ಕಾರ್ಖಾನೆಯಲ್ಲಿ ನನ್ನ ಕೆಲಸ ಮರದ ಅಚ್ಚು ಕೆತ್ತುವುದು. ಊಟದ ಬಿಡುವಿನಲ್ಲಿ ಎರಡು ತಿಂಗಳು ಕೂತು ನಮ್ಮ ರಿಮೋಟ್ ವಿಮಾನದ ರೆಕ್ಕೆಗೂ ಒಂದು ಅಚ್ಚು ಕೆತ್ತಿದೆ. ಈ ತುದಿಯಿಂದ ಆ ತುದಿಗೆ ಒಂದು ಮೀಟರ್. ಅಗಲ ಹನ್ನೆರಡು ಸೆಂಟಿಮೀಟರ್, ದಪ್ಪ ಒಂಬತ್ತು ಮಿಲಿಮೀಟರ್ ಕೂಡ ಇಲ್ಲ. ಮೇಲೆ ಕಾರ್ಬನ್ ಬಟ್ಟೆ, ಒಳಗೆ ಹಗುರ ಮರ. ಎರಡು ಇಟ್ಟಿಗೆಗಳ ಮೇಲೆ ಅಡ್ಡ ಇಟ್ಟು ನಡುಮಧ್ಯೆ ನಾನೇ ಹತ್ತಿ ನಿಂತೆ. ನನ್ನ ಹೊಟ್ಟೆ ನಿಮಗೆ ಗೊತ್ತಿದೆಯಲ್ಲ? ಆದರೂ ಬಗ್ಗಲಿಲ್ಲ.

ಈ ರೆಕ್ಕೆಗೆ ನಾನೂರ ಹನ್ನೆರಡು ಸಾಧ್ಯ. ಆ ಸಂಖ್ಯೆ ಯಾಕೆ ಎಂದು ನಿಮಗೆ ವಿವರಿಸಬೇಕಿಲ್ಲ, ಆದರೂ ವಿವರಿಸುತ್ತೇನೆ, ಅದರಲ್ಲೇ ನನಗೊಂದು ಖುಷಿ. ವಿಮಾನ ನಮ್ಮ ಕಡೆಗೆ ಬರುವಾಗ ಅದರ ಸ್ವರ ಏರಿರುತ್ತದೆ, ದಾಟಿ ಹೋದೊಡನೆ ಇಳಿಯುತ್ತದೆ. ಹೆಚ್ಚು ಇಳಿದಷ್ಟೂ ಹೆಚ್ಚು ವೇಗ. ಮಕ್ಕಳಿಗೆ ಸಂಗೀತ ಹೇಳಿಕೊಡುವ ನಮ್ಮಕ್ಕ ಮೈದಾನದಲ್ಲಿ ಕಣ್ಣು ಮುಚ್ಚಿ ಕೂತು ಅದನ್ನೇ ಅಳೆಯುತ್ತಿದ್ದಳು. ಮೇಲಿನ ‘ಸ’ ಹಾಡುತ್ತ ಬಂದದ್ದು ‘ಪ’ ಹಾಡುತ್ತ ಹೋದರೆ ಗಂಟೆಗೆ ನೂರ ಎಪ್ಪತ್ತೇಳು ಕಿಲೋಮೀಟರ್. ‘ಮ’ಕ್ಕೆ ಇಳಿದರೆ ಇನ್ನೂರ ನಲವತ್ತೇಳು. ನಮ್ಮ ಹಳೆಯ ವಿಮಾನ ಮುರಿದು ಬಿದ್ದ ದಿನ ಮುನ್ನೂರ ಐವತ್ತೈದರಲ್ಲಿತ್ತು, ‘ರಿ’ವರೆಗೆ ಬಂದಿತ್ತು. ಕೆಳಗಿನ ‘ಸ’ ಮುಟ್ಟಬೇಕಾದರೆ ಶಬ್ದದ ವೇಗದ ಮೂರರಲ್ಲೊಂದು ಪಾಲು ಬೇಕು. ಅದೇ ನಾನೂರ ಹನ್ನೆರಡು!

ಮೇ ತಿಂಗಳ ಕೊನೆಯ ಭಾನುವಾರ ಕ್ಲಬ್ಬಿನ ವೇಗದ ಸ್ಪರ್ಧೆ ಇದೆ. ನನಗೆ ಬೇಕಾಗಿರುವುದು ಎರಡೇ. ನೀವು ಸುತ್ತಿದ ಮೋಟಾರು, ಮತ್ತು ರಿಮೋಟಿನ ಮೇಲೆ ನಿಮ್ಮ ಹೆಬ್ಬೆರಳು.

ಇಂತಿ ನಿಮ್ಮ ಬಾಮೈದ


ಜನವರಿ 21

ಉಳಿರಾಯನಿಗೆ,

ನಿನ್ನ ಕಾಗದವನ್ನು ನಿನ್ನ ಅಕ್ಕ ಓದಲಿಲ್ಲ, ನಾನೇ ಓದಿದೆ. ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಲೆಕ್ಕದಲ್ಲಿ ತಪ್ಪು ಹುಡುಕಲು. ಸಿಕ್ಕಿತು. ಬಿಸಿಗಾಳಿಯಲ್ಲಿ ಶಬ್ದ ಇನ್ನಷ್ಟು ಬೇಗ ಓಡುತ್ತದೆ. ಮೇ ತಿಂಗಳ ಮಧ್ಯಾಹ್ನ ಹಾರಿಸಿದರೆ ನಿನ್ನ ‘ಸ’ಕ್ಕೆ ನಾನೂರ ಹತ್ತೊಂಬತ್ತು ಬೇಕಾಗುತ್ತದೆ. ಬೆಳಗ್ಗೆ ತಂಪಿನಲ್ಲಿ ಹಾರಿಸಿದರೆ ಏಳು ಕಿಲೋಮೀಟರ್ ಪುಕ್ಕಟೆ. ಅಚ್ಚು ಕೆತ್ತುವವರಿಗೆ ಇದೆಲ್ಲ ಎಲ್ಲಿ ಹೊಳೆಯಬೇಕು?

ಇನ್ನೊಂದು. ರೆಕ್ಕೆ ತೆಳ್ಳಗಾದ ಮಾತ್ರಕ್ಕೆ ವೇಗ ತಾನಾಗಿ ಬರುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ತಳ್ಳಲು ಬೇಕಾದ ಶಕ್ತಿ ಎಂಟು ಪಟ್ಟು. ಮುನ್ನೂರ ಐವತ್ತೈದರಿಂದ ನಾನೂರ ಹನ್ನೆರಡಕ್ಕೆ ಹೋಗುವುದೆಂದರೆ ಕಾಗದದ ಮೇಲೆ ಪುಟ್ಟ ಹೆಜ್ಜೆ. ಮೋಟಾರಿಗೆ ಅದು ಒಂದೂವರೆ ಪಟ್ಟಿಗಿಂತ ಹೆಚ್ಚು ಕೆಲಸ. ಹಳೆಯ ಮೋಟಾರಿನೊಳಗೆ ಕಬ್ಬಿಣದ ಒಂದೊಂದು ಹಲ್ಲಿಗೂ ಆರು ಸುತ್ತು ತಂತಿ ಇತ್ತು. ಈಗ ಐದೇ ಸುತ್ತು ಹಾಕಿ, ದಪ್ಪ ತಂತಿ ತುಂಬುತ್ತೇನೆ. ಸುತ್ತು ಕಡಿಮೆಯಾದಷ್ಟೂ ಮೋಟಾರು ಜೋರಾಗಿ ತಿರುಗುತ್ತದೆ, ಜೋರಾಗಿ ಬಿಸಿಯೂ ಆಗುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಿದೆಯೋ, ಸುಟ್ಟ ವಾಸನೆ ಇಲ್ಲಿಗೇ ಬರುತ್ತದೆ. ಸುತ್ತುವ ಕೆಲಸ ನನಗೆ ಬಿಡು. ಅದಕ್ಕೆ ಬೆರಳು ಸಾಕು, ಕಣ್ಣು ಮುಚ್ಚಿಕೊಂಡೇ ಸುತ್ತುತ್ತೇನೆ.

ಆದರೆ ರಿಮೋಟಿನ ಮಾತು ಎತ್ತಬೇಡ. ಆವತ್ತು ವಿಮಾನ ಚೂರಾದಾಗ ನಾನು “ನಿನ್ನ ರೆಕ್ಕೆ ಬರೀ ರಟ್ಟು” ಎಂದೆ, ನೀನು ಕ್ಲಬ್ಬಿನ ಎಲ್ಲರೆದುರು “ನಿಮ್ಮ ಕೈ ನಡುಗ್ತು ಭಾವ” ಎಂದೆ. ಮನೆಗೆ ಬಂದು ಯೋಚಿಸಿದೆ. ನನ್ನ ಮಾತು ಕೋಪದ್ದು, ನಿನ್ನ ಮಾತು ನಿಜ. ರಿಮೋಟನ್ನು ಟವೆಲಿನಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟಿದ್ದೇನೆ. ಬೇರೆ ಯಾರಾದರೂ ಹಾರಿಸಲಿ, ನಾನು ಬೇಲಿಯಾಚೆ ಕೂತು ತಪ್ಪು ಹುಡುಕುತ್ತೇನೆ.

ಭಾವ


ಮಾರ್ಚ್ 4

ಭಾವ, ಭಾವ, ಭಾವ!

ಮೋಟಾರು ಬಂತು! ಇಷ್ಟು ಅಚ್ಚುಕಟ್ಟಾಗಿ ತಂತಿ ಸುತ್ತುವವರು ಮೂರು ವರ್ಷದಿಂದ ಬರೀ ನೀರಿನ ಪಂಪು ರಿಪೇರಿ ಮಾಡುತ್ತಿದ್ದೀರಲ್ಲ, ನಿಮಗೇ ಬೇಜಾರಾಗುವುದಿಲ್ಲವೆ?

ನಿನ್ನೆ ಊಟದ ಬಿಡುವಿನಲ್ಲಿ ಅದನ್ನು ಕೆಲಸದ ಮೇಜಿಗೆ ಬಿಗಿದು, ಐದಿಂಚಿನ ಪ್ರೊಪೆಲ್ಲರ್ ಹಾಕಿ ಓಡಿಸಿದೆ. ಅಚ್ಚು ವಿಭಾಗದವರೆಲ್ಲ ಡಬ್ಬಿ ಹಿಡಿದುಕೊಂಡೇ ಸುತ್ತ ನಿಂತಿದ್ದರು. ಅರ್ಧ ಒತ್ತಿದಾಗ ಮರದ ಪುಡಿ ಎದ್ದಿತು. ಪೂರ್ತಿ ಒತ್ತಿದಾಗ ಮೇಸ್ತ್ರಿಯ ಟೋಪಿ, ಹಾಜರಿ ಪುಸ್ತಕ, ಗೋಡೆಯ ಕ್ಯಾಲೆಂಡರು ಎಲ್ಲ ಒಟ್ಟಿಗೇ ಕಿಟಕಿಯ ಕಡೆ ಹೊರಟವು. ಮೇಸ್ತ್ರಿ ಬೈಯಲು ಬಾಯಿ ತೆರೆದದ್ದು ಕಾಣುತ್ತಿತ್ತು, ಏನು ಬೈದರೋ ಒಂದಕ್ಷರ ಕೇಳಲಿಲ್ಲ. ನಿಂತ ಜಾಗದಲ್ಲೇ ನಿಮಿಷಕ್ಕೆ ಮೂವತ್ತೊಂದು ಸಾವಿರ ಸುತ್ತು! ಹಾರುವಾಗ ಎದುರುಗಾಳಿಗೆ ಪ್ರೊಪೆಲ್ಲರಿನ ಹೊರೆ ಇಳಿದು ಇನ್ನೂ ಮೂರು ಸಾವಿರ ಏರುತ್ತದೆ. ಒಂದು ಸುತ್ತಿಗೆ ಅದು ಎಂಟೂವರೆ ಇಂಚು ಮುಂದಕ್ಕೆ ಕೊರೆದುಕೊಂಡು ಹೋಗುವಂಥದ್ದು. ಗುಣಿಸಿ, ಗಾಳಿಯಲ್ಲಿ ಜಾರುವಷ್ಟನ್ನು ಕಳೆಯಿರಿ. ನಾನೂರ ಹತ್ತು ದಾಟುತ್ತದೆ ಭಾವ, ಕಾಗದದ ಮೇಲಂತೂ ದಾಟಿಯೇಬಿಟ್ಟಿದೆ.

ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೀಲಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗಳಿವೆಯಲ್ಲ, ವಿಮಾನವನ್ನು ಎಡಕ್ಕೂ ಬಲಕ್ಕೂ ವಾಲಿಸುವಂಥವು, ಅವುಗಳನ್ನು ಈ ಸಲ ಮೂರು ಬಾರಿ ತೂಗಿದ್ದೇನೆ. ಕೀಲಿನ ಹಿಂದೆ ಇರುವ ಭಾರಕ್ಕೆ ಸರಿಯಾಗಿ ಮುಂದೆ ಹಿತ್ತಾಳೆಯ ಸಣ್ಣ ಮೊಳೆ ಇಟ್ಟಿದ್ದೇನೆ. ಬೆರಳ ಮೇಲೆ ಇಟ್ಟರೆ ಯಾವ ಕಡೆಗೂ ವಾಲುವುದಿಲ್ಲ. ಈ ಸಲ ಆ ವಿಷಯದಲ್ಲಿ...

ಇರಲಿ ಬಿಡಿ. ಬೀರುವಿನ ಮೇಲಿನ ಆ ಟವೆಲನ್ನು ಒಗೆಯಲು ಹಾಕಿ. ಬೇರೆ ಯಾರಿಂದಲೂ ಇದನ್ನು ಹಾರಿಸಲಾಗದು.

ಕಿವಿ ಇನ್ನೂ ಗುಂಯ್‌ಗುಡುತ್ತಿರುವ,
ಬಾಮೈದ


ಮಾರ್ಚ್ 15

ಪ್ರೀತಿಯ ತಮ್ಮನಿಗೆ,

ಇದು ನಿನ್ನ ಭಾವನಿಗೆ ಗೊತ್ತಿಲ್ಲದೆ ಬರೆಯುತ್ತಿರುವ ಕಾಗದ. ನಿನ್ನ ಕಾಗದ ಬಂದ ದಿನ ಅವರು ಮೀಸೆಯಲ್ಲೇ ನಗುತ್ತಾ ಮೇಸ್ತ್ರಿಯ ಟೋಪಿಯ ಕಥೆಯನ್ನು ನನಗೆ ಮೂರು ಸಲ ಹೇಳಿದರು. “ಹಾಗಾದ್ರೆ ನೀವೇ ಹಾರಿಸ್ರೀ” ಎಂದೆ. ತಕ್ಷಣ ಮುಖ ಸಣ್ಣಗಾಯಿತು. “ನನ್ನ ಕೈಯಿಂದ ಒಂದು ಹೋಗಿದ್ದು ಸಾಕು ಕಣೇ” ಎಂದು ಎದ್ದು ಹೋದರು.

ಭಾನುವಾರ ಮೈದಾನದ ಕಡೆಯಿಂದ ವಿಮಾನಗಳ ಸದ್ದು ಬರುತ್ತದಲ್ಲ, ಆಗ ಮಹಡಿಯ ಮೇಲೆ ಕುರ್ಚಿ ಹಾಕಿ ಕೂರುತ್ತಾರೆ. ಆದರೆ ತಲೆ ಎತ್ತಿ ನೋಡುವುದಿಲ್ಲ. ಸುಮ್ಮನೆ ಕೇಳುತ್ತಾ ಕೂರುತ್ತಾರೆ.

ನಿನ್ನನ್ನು ಒಂದು ಕೇಳಬೇಕು. ಆವತ್ತು ವಿಮಾನ ಮುರಿಯುವುದಕ್ಕೆ ಮೊದಲು ನನಗೆ ಇನ್ನೊಂದು ಸ್ವರ ಕೇಳಿಸಿತ್ತು. ಮೋಟಾರಿನದಲ್ಲ. ಅದಕ್ಕಿಂತ ಎಷ್ಟೋ ಕೆಳಗೆ, ಗುರ್ ಎಂದು, ಅರೆಕ್ಷಣ ಅಷ್ಟೆ. ಆಮೇಲೆ ಫಟ್ ಎಂದಿತು. ಕೈ ನಡುಗಿದರೆ ಅಂಥ ಸ್ವರ ಹೇಗೆ ಬರುತ್ತದೆ? ಆಗಲೇ ಹೇಳಲು ಬಂದೆ, ನೀವಿಬ್ಬರೂ ಕಿರುಚಾಡುವುದರಲ್ಲಿ ಮುಳುಗಿದ್ದಿರಿ. ನಿನಗೇನಾದರೂ ಗೊತ್ತಿದ್ದರೆ ನನಗೆ ಬೇಡ, ಅವರಿಗೆ ಬರೆ.

ನಿನ್ನ ಅಕ್ಕ


ಮಾರ್ಚ್ 20

ಭಾವನಿಗೆ,

ಈ ಕಾಗದವನ್ನು ಅಕ್ಕನಿಗೆ ತೋರಿಸುವುದು ಬಿಡುವುದು ನಿಮ್ಮ ಇಷ್ಟ. ಯಾಕೆಂದು ಓದುತ್ತಾ ಹೋದಂತೆ ತಿಳಿಯುತ್ತದೆ.

ಆವತ್ತು ನಿಮ್ಮ ಕೈ ನಡುಗಲಿಲ್ಲ. ವಿಮಾನವನ್ನು ಒಡೆದವನು ನಾನು.

ಆ ವರ್ಷ ಅಭ್ಯಾಸದ ದಿನಗಳಲ್ಲಿ ನಾನೊಂದು ಗಮನಿಸಿದ್ದೆ. ಮೈದಾನದ ಆಚೆ ತುದಿಯಲ್ಲಿ ವಿಮಾನ ತಿರುಗಿದ ಮೇಲೂ ನೀವು ಅದು ಇಲ್ಲದ ಕಡೆಗೇ ನೋಡುತ್ತಿದ್ದಿರಿ. ಸದ್ದು ಬದಲಾದ ಮೇಲೆ ನಿಮ್ಮ ತಲೆ ತಿರುಗುತ್ತಿತ್ತು. ಕೆಳಗೆ ಬಿದ್ದ ತಿರುಪನ್ನು ನೀವು ನೋಡಿ ಎತ್ತಲಿಲ್ಲ, ನೆಲ ಸವರಿ ಎತ್ತಿದಿರಿ. ನಿಮ್ಮ ಕಣ್ಣು ಮಂಜಾಗುತ್ತಿದೆ ಎಂದು ನನಗೆ ತಿಳಿಯಿತು. “ಕಾಣ್ತಿಲ್ವಾ ಭಾವ?” ಎಂದು ಕೇಳಿದರೆ ನೀವು ಆವತ್ತೇ ರಿಮೋಟ್ ಕೆಳಗಿಡುತ್ತೀರಿ ಎಂದು ಹೆದರಿ ಕೇಳಲಿಲ್ಲ. ಸ್ಪರ್ಧೆಯ ಹಿಂದಿನ ಮಧ್ಯಾಹ್ನ, ನೀವು ಬ್ಯಾಟರಿ ತರಲು ಹೋಗಿದ್ದಾಗ, ದೂರಕ್ಕೆ ಕಾಣಲಿ ಎಂದು ರೆಕ್ಕೆಯ ಹಿಂದಿನ ಪಟ್ಟಿಗಳಿಗೆ ಕಿತ್ತಳೆ ಬಣ್ಣ ಬಳಿದೆ. ಸಾಲದೆನಿಸಿ ಇನ್ನೊಂದು ಸಲ ಬಳಿದೆ.

ಪಟ್ಟಿಗಳನ್ನು ತೂಗಿ ಸಮ ಮಾಡಿದ್ದು ಅದಕ್ಕೂ ಮೊದಲು. ಬಣ್ಣ ಒಣಗಿದ ಮೇಲೆ ಮತ್ತೆ ತೂಗಲಿಲ್ಲ. ಎರಡು ಗ್ರಾಂ ಇತ್ತೋ ಇಲ್ಲವೋ, ಆದರೆ ಅಷ್ಟೂ ಕೀಲಿನ ಹಿಂದೆಯೇ ಕೂತಿತು. ನಿಧಾನವಾಗಿ ಹಾರುವಾಗ ಅದು ಲೆಕ್ಕಕ್ಕೇ ಇಲ್ಲ. ಒಂದು ವೇಗ ಮುಟ್ಟಿದೊಡನೆ ಹಿಂದೆ ಭಾರವಿರುವ ಪಟ್ಟಿ ರೆಕ್ಕೆಯ ಜೊತೆ ಆಡದೆ ಸ್ವಲ್ಪ ತಡವಾಗಿ ಆಡುತ್ತದೆ, ಆ ತಡದಲ್ಲಿ ಗಾಳಿ ಅದನ್ನು ಇನ್ನಷ್ಟು ತಳ್ಳುತ್ತದೆ, ಸೆಕೆಂಡಿಗೆ ಐವತ್ತು ಅರವತ್ತು ಸಲ ಪಟಪಟ ಬಡಿದುಕೊಂಡು ರೆಕ್ಕೆಯನ್ನೇ ಕಿತ್ತು ಬಿಸಾಡುತ್ತದೆ. ಮುರಿಯುವ ಮೊದಲು ಅಕ್ಕನಿಗೆ ಗುರ್ ಎಂದು ಕೇಳಿಸಿತ್ತಂತೆ, ಆ ಸದ್ದು ಇದೇ.

ಇದು ನನಗೆ ಆವತ್ತು ಸಂಜೆ ಚೂರುಗಳನ್ನು ಹೆಕ್ಕುವಾಗಲೇ ಹೊಳೆಯಿತು. ಆದರೆ ಅಷ್ಟರಲ್ಲಿ ಎಲ್ಲರೆದುರು ನಿಮ್ಮ ಕೈ ನಡುಗಿತೆಂದು ಹೇಳಿ ಆಗಿತ್ತು. ಮಾತು ವಾಪಸು ತೆಗೆದುಕೊಳ್ಳಬೇಕಾದರೆ ಬಣ್ಣದ ವಿಷಯ ಬಾಯಿಬಿಡಬೇಕಿತ್ತು, ಬಣ್ಣ ಯಾಕೆ ಎಂದರೆ ನಿಮ್ಮ ಕಣ್ಣಿನ ವಿಷಯ. ನಾನು ಹೇಡಿ ಭಾವ, ಈ ಊರಿಗೆ ಕೆಲಸ ಹುಡುಕಿಕೊಂಡು ಬಂದುಬಿಟ್ಟೆ. ನೀವು ರಿಮೋಟ್ ಕೆಳಗಿಟ್ಟಿರೆಂದು ಕೇಳಿದ ದಿನದಿಂದ ನನಗೆ ನೆಮ್ಮದಿ ಇಲ್ಲ.

ಬೈಯಿರಿ. ಕೈ ನೋಯುವವರೆಗೂ ಬೈದು ಬರೆಯಿರಿ.

ನಿಮ್ಮ ಬಾಮೈದ


ಏಪ್ರಿಲ್ 12

ಭಾವ,

ಮೂರು ವಾರವಾಯಿತು. ಬೈಗುಳ ಕೂಡ ಬರಲಿಲ್ಲ. ಸ್ಪರ್ಧೆಗೆ ಹೆಸರು ಕೊಡಲು ಈ ತಿಂಗಳ ಕೊನೆಯೇ ಕೊನೆ. ‘ಹಾರಿಸುವವರು’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನೀವು ಹಾರಿಸದಿದ್ದರೆ ರೆಕ್ಕೆಯನ್ನು ಗೋಡೆಗೆ ನೇತುಹಾಕುತ್ತೇನೆ.

ಬಾಮೈದ


ಏಪ್ರಿಲ್ 24

ಉಳಿರಾಯ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ಬರೀ ಬೈಗುಳಗಳಿದ್ದವು, ಚೆನ್ನಾಗಿಯೂ ಇದ್ದವು.

ಹಳೆಯ ವಿಮಾನದ ಒಂದು ಪಟ್ಟಿ ನನ್ನ ಮೇಜಿನ ಖಾನೆಯಲ್ಲೇ ಇತ್ತು. ಅಂಗಡಿಯಲ್ಲಿ ಸಣ್ಣ ತಂತಿ ತೂಗುವ ತಕ್ಕಡಿಯ ಮೇಲಿಟ್ಟೆ. ಆಮೇಲೆ ಬ್ಲೇಡಿನಿಂದ ನಿನ್ನ ಕಿತ್ತಳೆ ಬಣ್ಣ ಹೆರೆದು ಮತ್ತೆ ತೂಗಿದೆ. ವ್ಯತ್ಯಾಸ ಒಂದು ಪಾಯಿಂಟ್ ಎಂಟು ಗ್ರಾಂ. ಅಷ್ಟಕ್ಕೆ ನನ್ನ ಮೂರು ವರ್ಷ ಹೋಯಿತು. ನನಗೆ ಸಿಟ್ಟು ಬಂತು, ಇನ್ನೂ ಇದೆ. ಕೈ ನಡುಗಿತೆಂದು ಊರೆಲ್ಲ ನಂಬಿತು, ಹಾಳಾಗಿ ಹೋಗಲಿ. ನಾನೇ ನಂಬಿದೆನಲ್ಲ!

ಈಗ ನನ್ನ ಪಾಲಿನದು ಕೇಳು. ಬಣ್ಣವನ್ನು ನಾನು ನೋಡಿದ್ದೆ. ಮೈದಾನದಲ್ಲಿ ಪೆಟ್ಟಿಗೆ ತೆರೆದ ಕೂಡಲೇ ನೋಡಿದೆ. ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ, ಒಳಗೊಳಗೇ ನಿನ್ನ ಬೆನ್ನು ತಟ್ಟಿದೆ. “ಬಳಿದ ಮೇಲೆ ತೂಗಿದ್ಯೇನೋ?” ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದಿತ್ತು. ಕೇಳಿದರೆ ನೀನು ಯಾಕೆ ಬಳಿದೆ ಎಂಬ ಮಾತು ಬರುತ್ತಿತ್ತು. ಅದಕ್ಕೆ ಕೇಳಲಿಲ್ಲ. ನೀನು ಬಚ್ಚಿಟ್ಟದ್ದನ್ನೇ ನಾನೂ ಬಚ್ಚಿಟ್ಟೆ. ಹೇಡಿತನದಲ್ಲಿ ನಾವಿಬ್ಬರೂ ಸರಿಸಮ, ಯಾವ ತಕ್ಕಡಿಯೂ ಬೇಡ.

ನಿನ್ನ ಕಾಗದವನ್ನು ನಿನ್ನ ಅಕ್ಕನಿಗೆ ಕೊಟ್ಟೆ. ಓದಿ ಮುಗಿಸಿ, “ನೀವು ಮಾಡೋ ಸಾರಿಗೆ ಎರಡು ಸಲ ಉಪ್ಪು ಬೀಳೋದು ಯಾಕೆ ಅಂತ ಈಗ ಗೊತ್ತಾಯ್ತು” ಎಂದು ಅತ್ತಳು, ನಕ್ಕಳು, ಮರುದಿನವೇ ಕಣ್ಣಿನ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಒಂದು ಕಣ್ಣಿನ ನಡುಭಾಗ ಮಸುಕು, ಅದು ಸರಿಹೋಗುವಂಥದ್ದಲ್ಲ. ಇನ್ನೊಂದು ಗಟ್ಟಿಯಾಗಿದೆ. ಒಂದು ಕಣ್ಣಿನವನು ಹಾರಿಸಬಹುದೇ ಎಂದು ಕ್ಲಬ್ಬಿಗೂ ಅವಳೇ ಫೋನ್ ಮಾಡಿದಳು. ಪಕ್ಕದಲ್ಲಿ ಒಬ್ಬರು ನಿಂತು ವಿಮಾನ ಎಲ್ಲಿದೆ ಎಂದು ಹೇಳುತ್ತಿದ್ದರೆ ಅಡ್ಡಿಯಿಲ್ಲವಂತೆ. ಆ ಸಹಾಯ ನಿಯಮದಲ್ಲಿ ಮೊದಲಿನಿಂದಲೂ ಇದೆ. “ನನಗೆ ಕಣ್ಣಿಲ್ವಾ?” ಎಂದು ಪಕ್ಕದಲ್ಲಿ ನಿಲ್ಲಲು ಬಂದವರನ್ನು ಓಡಿಸುತ್ತಿದ್ದವನು ನಾನೇ.

ಆ ಖಾಲಿ ಜಾಗದಲ್ಲಿ ನನ್ನನ್ನು ಬರೆ. ಎರಡು ಷರತ್ತು. ಬಣ್ಣ ಬೇಕೇ ಬೇಕು, ಆದರೆ ಪಟ್ಟಿಗಲ್ಲ, ರೆಕ್ಕೆಯ ಮುಂದಿನ ಅರ್ಧಕ್ಕೆ. ಬಳಿದ ಮೇಲೆ ಎಲ್ಲವನ್ನೂ ಮತ್ತೆ ತೂಗು. ಎರಡನೆಯದು, ನೀನು ಬರಬೇಡ. ನೀನು ಹತ್ತಿರವಿದ್ದರೆ ನಾನು ಮತ್ತೆ ಎಲ್ಲ ಕಾಣುವವನ ಹಾಗೆ ನಾಟಕವಾಡುತ್ತೇನೆ. ಮೊದಲೊಮ್ಮೆ ನಾಟಕವಿಲ್ಲದೆ ಹಾರಿಸಿ ನೋಡುತ್ತೇನೆ. ಪಕ್ಕದಲ್ಲಿ ನಿನ್ನ ಅಕ್ಕ ನಿಲ್ಲುತ್ತಾಳೆ.

ಭಾವ


ಮೇ 18

ಭಾವನಿಗೆ,

ವಿಮಾನದ ಪೆಟ್ಟಿಗೆ ಕಳಿಸಿದ್ದೇನೆ. ಮುಂದಿನ ಅರ್ಧ ಕಿತ್ತಳೆ, ಹೊಟ್ಟೆಯ ಕೆಳಗೆ ಕಪ್ಪು. ಮೇಲು ಯಾವುದು, ಕೆಳಗು ಯಾವುದು ಎಂದು ಅಕ್ಕನಿಗೂ ಗೊತ್ತಾಗಲಿ. ಬಳಿದ ಮೇಲೆ ತೂಗಿದೆ. ಒಣಗಿದ ಮೇಲೆ ತೂಗಿದೆ. ಪೆಟ್ಟಿಗೆಗೆ ಹಾಕುವ ಮೊದಲು ಮೇಸ್ತ್ರಿಯ ಕೈಯಲ್ಲೂ ತೂಗಿಸಿದೆ. ಟೋಪಿ ಹಿಡಿದುಕೊಂಡೇ ತೂಗಿದರು.

ನಾನು ಬರುವುದಿಲ್ಲ. ಮಾತೆಂದರೆ ಮಾತು. ಆದರೆ ಆ ಭಾನುವಾರ ನನಗೆ ಊಟ ಸೇರುತ್ತದೆ ಎಂದು ತಿಳಿಯಬೇಡಿ. ಫೋನು ಬೇಡ, ಬರೆದೇ ತಿಳಿಸಿ. ಫೋನಿನಲ್ಲಿ ನೀವು ಸಂಖ್ಯೆ ಹೇಳಿ ಇಟ್ಟುಬಿಡುತ್ತೀರಿ, ನನಗೆ ಪೂರ್ತಿ ಬೇಕು.

ಕಾಯುತ್ತಿರುವ,
ಬಾಮೈದ


ಮೇ 29

ಬಾಮೈದನಿಗೆ,

ಪೂರ್ತಿ ಕೇಳಿದೆಯಲ್ಲ, ತಗೋ.

ಬೆಳಗ್ಗೆ ಏಳಕ್ಕೇ ಮೈದಾನ ಸೇರಿದೆವು, ತಂಪಿನ ಏಳು ಕಿಲೋಮೀಟರನ್ನು ಬಿಟ್ಟುಕೊಡಬಾರದಲ್ಲ. ಜನರೆಲ್ಲ ಬಲೆಯ ಹಿಂದೆ. ವಿಮಾನವನ್ನು ರಬ್ಬರ್ ಹಗ್ಗಕ್ಕೆ ಸಿಕ್ಕಿಸಿ ಕವಣೆಯಂತೆ ಎಳೆದು ಬಿಟ್ಟೆವು. ಮೂರು ಸೆಕೆಂಡು ಮೋಟಾರು ಹಾಕದೆ ತೇಲಲು ಬಿಟ್ಟೆ, ಆಮೇಲೆ ಒತ್ತಿದೆ. ಅಯ್ಯೋ, ಅದು ಹಾರಲಿಲ್ಲ ಕಣೋ, ಅಲ್ಲಿಂದ ಮಾಯವಾಯಿತು! ನಿನ್ನ ಅಕ್ಕ ಹೆದರಿ ನನ್ನ ತೋಳನ್ನು ಉಗುರು ನೆಡುವಂತೆ ಹಿಡಿದಳು.

ಮೊದಲ ಓಟ ಗಾಳಿಯ ಜೊತೆ. ಎರಡು ಕಂಬಗಳ ನಡುವೆ ಇನ್ನೂರು ಮೀಟರ್, ರೆಪ್ಪೆ ಬಡಿದು ತೆರೆಯುವಷ್ಟರಲ್ಲಿ ಮುಗಿದಿತ್ತು. ಬಲೆಯ ಹಿಂದೆ ಯಾರೋ “ನಾನೂರ ಹತ್ತೊಂಬತ್ತು!” ಎಂದು ಕೂಗಿದರು. ಆದರೆ ವಾಪಸಿನ ಓಟವೂ ಸೇರಿ ಸರಾಸರಿ ತೆಗೆಯುವುದು. ಆಚೆ ತುದಿಯಲ್ಲಿ ತಿರುಗಿಸುವಾಗ ವಿಮಾನ ಸೂರ್ಯನ ಪಕ್ಕಕ್ಕೆ ಹೋಯಿತು. ನನಗೆ ಅಲ್ಲಿ ಏನೂ ಇರಲಿಲ್ಲ. ಬರೀ ಬೆಳಕು.

ಮೂರು ವರ್ಷದ ಹಿಂದಾಗಿದ್ದರೆ ಹಲ್ಲು ಕಚ್ಚಿ ಸದ್ದು ಕೇಳುತ್ತ ನಿಲ್ಲುತ್ತಿದ್ದೆ. ಈ ಸಲ ಇಡೀ ಕ್ಲಬ್ಬಿಗೆ ಕೇಳುವಂತೆ ಕಿರುಚಿದೆ, “ಕಾಣ್ತಿಲ್ಲ ಕಣೇ ನನಗೆ! ಎಲ್ಲಿದೆ?”

“ಬಲಕ್ಕೆ! ಕಂಬದ ಮೇಲೆ! ಕಿತ್ತಳೆ ಮೇಲಿದೆ, ಕಪ್ಪು ಕೆಳಗಿದೆ, ನಮ್ಮ ಕಡೆಗೇ ಮೂತಿ ಮಾಡಿದೆ!” ಎಂದಳು. ಪಾಠ ಹೇಳುವ ಗಂಟಲಲ್ಲವೆ, ಮೈದಾನದ ಆಚೆಗೂ ಕೇಳಿರಬೇಕು. ಸಿಕ್ಕಿತು. ಮೂಗು ಸ್ವಲ್ಪ ಇಳಿಸಿ ಪೂರ್ತಿ ಒತ್ತಿದೆ. ರೆಕ್ಕೆ ಒಂದು ಚೂರೂ ಗುರ್ ಎನ್ನಲಿಲ್ಲ. ಎದುರುಗಾಳಿಯಲ್ಲೂ ನಾನೂರ ಏಳು!

ಸರಾಸರಿ ನಾನೂರ ಹದಿಮೂರು. ಫಲಕದ ಮೇಲೆ ಸಂಖ್ಯೆ ಬರುವ ಮೊದಲೇ ನಿನ್ನ ಅಕ್ಕ ಮೇಲಿನ ‘ಸ’ ಒಂದು, ಕೆಳಗಿನ ‘ಸ’ ಒಂದು ಹಾಡಿ, “ಸರಿಯಾಗಿ ಕೂತಿದೆ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಮಾನ ಹುಲ್ಲಿನ ಮೇಲೆ ಹೊಟ್ಟೆ ಉಜ್ಜಿಕೊಂಡು ಇಳಿಯಿತು, ಒಂದು ಗೀರೂ ಇಲ್ಲ. ಕ್ಲಬ್ಬಿನ ಕಾರ್ಯದರ್ಶಿ ಬಂದು, “ಕೈ ನಡುಗುತ್ತೆ ಅಂತಿದ್ರಲ್ಲ?” ಎಂದರು. “ಕೈಯಲ್ಲ ಸ್ವಾಮಿ, ಕಣ್ಣು” ಎಂದೆ. ಇಷ್ಟು ಸುಲಭದ ಮಾತು ಅದು, ಬಾಯಿಂದ ಬರಲು ಇಷ್ಟು ವರ್ಷ ಬೇಕಾಯಿತು ನೋಡು.

ನಿನ್ನ ಅಕ್ಕನಿಗೆ ಎರಡು ದಿನದಿಂದ ಕುತ್ತಿಗೆ ನೋವು, ಗಂಟಲೂ ಕೂತಿದೆ. ಇನ್ನು ಮುಂದೆ ಈ ಕೆಲಸ ಅವಳಿಂದಾಗದಂತೆ. ಮೇಸ್ತ್ರಿಯ ಹತ್ತಿರ ನಾಲ್ಕು ದಿನ ರಜೆ ಕೇಳು, ಈ ಶನಿವಾರದ ಬಸ್ಸಿಗೇ ಹೊರಟು ಬಾ. ಭಾನುವಾರ ಮೈದಾನಕ್ಕೆ ಹೋಗೋಣ. ನನ್ನ ಎಡಗಡೆಗೆ ನಿಲ್ಲು, ಕಾಣದಿರುವುದು ಆ ಕಣ್ಣು.

ನಿನ್ನ ಭಾವ